ಕಣ್ಣಿಗೆ ಒಪ್ಪುವ ತೂಕವೂ ದೇಹಕ್ಕೆ ಒಪ್ಪುವ ತೂಕವೂ ಒಂದೇ ಆಗಿರಬೇಕೇ?

ಅಳತೆಪಟ್ಟಿ:

ತೂಕ ಇಳಿಸಲು ಹೊರಟವರನ್ನು ಕಾರಣ ಕೇಳಿದರೆ ಬಹುತೇಕರು ಆರೋಗ್ಯಕ್ಕಾಗಿ ಎನ್ನುತ್ತಾರೆ. ಆದರೆ ಎಷ್ಟು ಇಳಿಸಬೇಕು ಎಂಬ ಗುರಿಯನ್ನು ಸಾಮಾನ್ಯವಾಗಿ ಯಾವ ರಕ್ತಪರೀಕ್ಷೆಯೂ ಗೊತ್ತುಮಾಡಿರುವುದಿಲ್ಲ. ಹಳೆಯ ಫೋಟೋ, ಬಿಗಿಯಾದ ಅಂಗಿ, ಯಾರೋ ಆಡಿದ ಒಂದು ಮಾತು, ಇವೇ ಅದನ್ನು ಗೊತ್ತುಮಾಡಿರುತ್ತವೆ. ನೋಡಲು ಚೆನ್ನಾಗಿ ಕಾಣುವ ತೂಕ ಮತ್ತು ದೇಹ ಚೆನ್ನಾಗಿ ನಡೆಯುವ ತೂಕ ಎರಡೂ ಒಂದೇ ಎಂದು ನಾವು ಪರೀಕ್ಷಿಸದೆಯೇ ನಂಬಿಕೊಂಡಿದ್ದೇವೆ ಎಂಬುದು ನನ್ನ ಗುಮಾನಿ. ಬಲ್ಲವರು ತಿದ್ದಲಿ ಎಂದು ವಿಷಯವನ್ನು ಎತ್ತುತ್ತಿದ್ದೇನೆ.

ಮೊದಲು ಬಿಎಂಐ, ಅಂದರೆ ಬಾಡಿ ಮಾಸ್ ಇಂಡೆಕ್ಸ್. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಸಿಗುವ ಈ ಸಂಖ್ಯೆ ಹುಟ್ಟಿದ್ದು ವೈದ್ಯರ ಕೈಯಲ್ಲಲ್ಲ. ಬೆಲ್ಜಿಯಂನ ಖಗೋಳಜ್ಞ ಮತ್ತು ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟ್ಲೆ 1830ರ ದಶಕದಲ್ಲಿ ಸರಾಸರಿ ಮನುಷ್ಯನ ಲಕ್ಷಣಗಳನ್ನು ಹುಡುಕುತ್ತಿದ್ದಾಗ, ವಯಸ್ಕರ ತೂಕವು ಹೆಚ್ಚುಕಡಿಮೆ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದನ್ನು ಗಮನಿಸಿದರು. ಅದಕ್ಕೆ ಇಂದಿನ ಹೆಸರನ್ನು ಕೊಟ್ಟವರು 1972ರಲ್ಲಿ ಅಮೆರಿಕದ ಶರೀರಶಾಸ್ತ್ರಜ್ಞ ಆನ್ಸೆಲ್ ಕೀಸ್ ಮತ್ತು ಸಂಗಡಿಗರು. ಸಾವಿರಾರು ಜನರನ್ನು ಒಟ್ಟಿಗೆ ಅಧ್ಯಯನ ಮಾಡಲು ಅದು ಅಗ್ಗದ, ಉಪಯುಕ್ತವಾದ ಅಳತೆ. ಒಬ್ಬೊಬ್ಬರ ದೇಹದೊಳಗೆ ಏನಿದೆ ಎಂಬುದನ್ನು ಅದು ಹೇಳಲಾರದು.

ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ 2004ರಲ್ಲಿ ದಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಫೋಟೋ. ಚಿತ್ತರಂಜನ್ ಯಾಜ್ಞಿಕ್ ಮತ್ತು ಜಾನ್ ಎಸ್. ಯುಡ್ಕಿನ್ ಎಂಬ ಇಬ್ಬರು ವೈದ್ಯವಿಜ್ಞಾನಿಗಳು ಅದರಲ್ಲಿ ಪಕ್ಕಪಕ್ಕದಲ್ಲಿ ನಿಂತಿದ್ದಾರೆ. ಇಬ್ಬರ ಬಿಎಂಐ 22.3, ಅಂದರೆ ಇಬ್ಬರೂ ಪಟ್ಟಿಯ ಪ್ರಕಾರ ಸರಿಯಾದ ತೂಕದವರೇ. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಾಲೋಚನೆಯೂ ಏಷ್ಯಾದ ಜನರಲ್ಲಿ ಅಪಾಯ ಕಡಿಮೆ ಬಿಎಂಐಯಲ್ಲೇ ಶುರುವಾಗುವುದರಿಂದ, ಹೆಚ್ಚು ತೂಕ ಮತ್ತು ಬೊಜ್ಜನ್ನು ಸೂಚಿಸುವ 25 ಮತ್ತು 30ರ ಜೊತೆಗೆ 23 ಮತ್ತು 27.5ನ್ನೂ ಎಚ್ಚರಿಕೆಯ ಗಡಿಗಳಾಗಿ ನೋಡಬೇಕೆಂದು ಸೂಚಿಸಿತು.

ಹಾಗಾದರೆ ನೋಡಬೇಕಾದದ್ದು ಏನನ್ನು?

ಸ್ಟೆತಸ್ಕೋಪು:

ಅಳತೆಪಟ್ಟಿ ಅವರೇ, ನಿಮ್ಮ ಗುಮಾನಿ ಸರಿಯಾಗಿದೆ. ಕೊಬ್ಬು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದು ವೈದ್ಯರಾದ ನಮಗೆ ಹೆಚ್ಚು ಮುಖ್ಯ. ತೊಡೆ, ಸೊಂಟದ ಕೆಳಭಾಗ ಮತ್ತು ತೋಳಿನಲ್ಲಿ ಚರ್ಮದ ಕೆಳಗೆ ಸೇರುವ ಕೊಬ್ಬು ಕನ್ನಡಿಯಲ್ಲಿ ಎದ್ದು ಕಾಣುತ್ತದೆ, ಆದರೆ ಬಹುಮಟ್ಟಿಗೆ ನಿರುಪದ್ರವಿ. ಹೊಟ್ಟೆಯೊಳಗೆ ಕರುಳುಗಳ ಸುತ್ತ ಮತ್ತು ಯಕೃತ್ತಿನ ಒಳಗೆ ಸೇರುವ ಕೊಬ್ಬು ಅಷ್ಟಾಗಿ ಕಾಣುವುದಿಲ್ಲ, ಆದರೆ ಇನ್ಸುಲಿನ್ನಿನ ಕೆಲಸವನ್ನು ಕೆಡಿಸಿ, ರಕ್ತದ ಕೊಬ್ಬಿನಂಶ ಏರಿಸಿ, ಮಧುಮೇಹಕ್ಕೂ ಹೃದ್ರೋಗಕ್ಕೂ ದಾರಿ ಮಾಡಿಕೊಡುವುದು ಅದೇ. ಜನರು ಕನ್ನಡಿಯ ಮುಂದೆ ದೂರುವುದು ಮೊದಲನೆಯದರ ಮೇಲೆ. ನಾನು ಸ್ಕ್ಯಾನಿಂಗ್ ವರದಿಯಲ್ಲಿ ಹುಡುಕುವುದು ಎರಡನೆಯದನ್ನು.

ಚರ್ಮದಡಿಯ ಕೊಬ್ಬು ಎಷ್ಟು ಉಪಕಾರಿ ಎಂಬುದನ್ನು ಲಿಪೋಡಿಸ್ಟ್ರೊಫಿ ಎಂಬ ಅಪರೂಪದ ಕಾಯಿಲೆ ತೋರಿಸಿಕೊಡುತ್ತದೆ. ಇದರ ತೀವ್ರ ರೂಪದಲ್ಲಿ ಚರ್ಮದ ಕೆಳಗೆ ಕೊಬ್ಬೇ ಇರುವುದಿಲ್ಲ, ಸ್ನಾಯುಗಳು ಕೆತ್ತಿದಂತೆ ಕಾಣುತ್ತವೆ. ಆದರೆ ಕೊಬ್ಬನ್ನು ಇಡಲು ಸರಿಯಾದ ಜಾಗವಿಲ್ಲದ ಕಾರಣ ಅದು ಯಕೃತ್ತಿಗೂ ಸ್ನಾಯುಗಳಿಗೂ ನುಗ್ಗಿ, ಚಿಕ್ಕ ವಯಸ್ಸಿನಲ್ಲೇ ತೀವ್ರ ಮಧುಮೇಹ ಮತ್ತು ಫ್ಯಾಟಿ ಲಿವರ್ ಬರುತ್ತವೆ.

ಮನೆಯಲ್ಲೇ ಮಾಡಬಹುದಾದ ಅಳತೆ ಬೇಕಿದ್ದರೆ ಸೊಂಟದ ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇದೆಯೇ ಎಂದು ನೋಡಿಕೊಳ್ಳಿ. ಬಹಳ ಜನ ಪ್ಯಾಂಟಿನ ಅಳತೆಯನ್ನೇ ಸೊಂಟದ ಅಳತೆ ಎಂದುಕೊಳ್ಳುತ್ತಾರೆ. ಹೊಟ್ಟೆ ಬೆಳೆದಂತೆ ಬೆಲ್ಟು ಅದರ ಕೆಳಗೆ ಜಾರುತ್ತದೆ, ಆದ್ದರಿಂದ ಹೊಟ್ಟೆ ಮುಂದಕ್ಕೆ ಬಂದರೂ ಪ್ಯಾಂಟಿನ ಅಳತೆ ವರ್ಷಗಟ್ಟಲೆ ಬದಲಾಗದೆ ಉಳಿಯಬಹುದು. ಪಕ್ಕೆಲುಬಿನ ಕೊನೆಯ ಅಂಚನ್ನೂ ಸೊಂಟದ ಮೂಳೆಯ ಮೇಲಂಚನ್ನೂ ಬೆರಳಿನಿಂದ ಮುಟ್ಟಿ ಗುರುತಿಸಿ, ಅವುಗಳ ನಡುಮಧ್ಯದಲ್ಲಿ ಟೇಪು ಸುತ್ತಿ, ಉಸಿರನ್ನು ಸಹಜವಾಗಿ ಬಿಟ್ಟ ಮೇಲೆ ಓದಬೇಕು. ಹೊಟ್ಟೆಯನ್ನು ಒಳಗೆಳೆದುಕೊಂಡರೆ ಮೋಸಹೋಗುವವರು ನೀವೇ.

ಅನುಮಾನಿ:

ಡಾಕ್ಟರ್ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಆಕರ್ಷಣೆ ಎಂಬುದು ಬರೀ ಭ್ರಮೆ, ಜಾಹೀರಾತಿನವರು ತಲೆಗೆ ತುಂಬಿದ್ದು ಎಂಬ ಕಡೆಗೆ ಚರ್ಚೆ ವಾಲುವ ಮೊದಲೇ ನನ್ನ ತಕರಾರನ್ನು ದಾಖಲಿಸುತ್ತೇನೆ. ನಮ್ಮ ಕಣ್ಣು ಲಕ್ಷಾಂತರ ವರ್ಷಗಳ ವಿಕಾಸದಲ್ಲಿ ರೂಪುಗೊಂಡಿದೆ. ಆರೋಗ್ಯ, ಯೌವನ ಮತ್ತು ಫಲವಂತಿಕೆಯ ಗುರುತುಗಳನ್ನು ಅದು ಇನ್ನೊಬ್ಬರ ದೇಹದಲ್ಲಿ ಹುಡುಕುತ್ತದೆ. ಮನೋವಿಜ್ಞಾನಿ ದೇವೇಂದ್ರ ಸಿಂಗ್ ಅವರು 1993ರಲ್ಲಿ ರೇಖಾಚಿತ್ರಗಳನ್ನು ತೋರಿಸಿ ನಡೆಸಿದ ಅಧ್ಯಯನಗಳಲ್ಲಿ, ಸೊಂಟದ ಅಳತೆಯು ನಿತಂಬದ ಅಳತೆಯ 0.7ರಷ್ಟಿರುವ ಹೆಣ್ಣಿನ ಆಕಾರವನ್ನೇ ಪುರುಷರು ಹೆಚ್ಚು ಮೆಚ್ಚಿದರು. ಸಣ್ಣ ಸೊಂಟವೆಂದರೆ ಹೊಟ್ಟೆಯೊಳಗೆ ಕೊಬ್ಬು ಕಡಿಮೆ ಎಂದೇ ಅರ್ಥವಲ್ಲವೇ? ಹಾಗಿದ್ದರೆ ಕಣ್ಣೂ ಟೇಪೂ ಒಂದನ್ನೇ ಹೇಳುತ್ತಿವೆ. ಎರಡೂ ಬೇರೆಬೇರೆ ಎಂಬ ನಿಮ್ಮ ವಾದ ಅಷ್ಟು ಸರಳವಲ್ಲ.

ಪುಟ ತಿರುವುವವಳು:

ಅನುಮಾನಿ ಅವರೇ, ಕಣ್ಣಿಗೂ ಆರೋಗ್ಯಕ್ಕೂ ಸಂಬಂಧವೇ ಇಲ್ಲವೆಂದು ಇಲ್ಲಿ ಯಾರೂ ಹೇಳಿಲ್ಲ. ಆದರೆ 0.7 ಎಂಬುದು ಮನುಷ್ಯರಿಗೆಲ್ಲ ಅನ್ವಯಿಸುವ ನಿಯಮವಾಗಿ ಉಳಿಯಲಿಲ್ಲ. 1998ರಲ್ಲಿ ಡಗ್ಲಸ್ ಯು ಮತ್ತು ಗ್ಲೆನ್ ಶೆಪರ್ಡ್ ಅವರು ಪೆರುವಿನ ಕಾಡಿನ ಒಳಭಾಗದಲ್ಲಿ ವಾಸಿಸುವ ಮಾತ್ಸಿಗೆಂಕಾ ಜನರಿಗೆ ಇಂಥದೇ ಚಿತ್ರಗಳನ್ನು ತೋರಿಸಿದಾಗ, ಅಲ್ಲಿನ ಗಂಡಸರು ಮೊದಲು ನೋಡಿದ್ದು ಒಟ್ಟು ದಪ್ಪವನ್ನು. ಅವರು ಆರಿಸಿದ್ದು ತುಂಬಿದ ಸೊಂಟದ ಮೈಕಟ್ಟನ್ನು. ಹೊರಗಿನ ಸಂಪರ್ಕ ಹೆಚ್ಚಿದ್ದ ಗುಂಪುಗಳ ಅಭಿರುಚಿ ಅಮೆರಿಕದವರ ಅಭಿರುಚಿಯತ್ತ ಸರಿದಿತ್ತು. ವಿಕಾಸವೇ ಎಲ್ಲವನ್ನೂ ಬರೆದಿಟ್ಟಿದ್ದರೆ ಕೆಲವು ದಿನಗಳ ನಡಿಗೆಯ ದೂರದಲ್ಲಿ ಅದು ಬದಲಾಗಬಾರದಿತ್ತು.

ಇನ್ನೊಂದು ಪ್ರಯೋಗ ನನಗೆ ಬಹಳ ಹಿಡಿಸಿತು. ವೀರೇನ್ ಸ್ವಾಮಿ ಮತ್ತು ಮಾರ್ಟಿನ್ ಟೋವಿ ಅವರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಸಿದಿದ್ದ ಗಂಡಸರು ಹೊಟ್ಟೆ ತುಂಬಿದ್ದವರಿಗಿಂತ ತುಸು ಹೆಚ್ಚು ತೂಕದ ಹೆಣ್ಣನ್ನು ಮೆಚ್ಚಿದರು. ಮುಂದೆ 2010ರಲ್ಲಿ 26 ದೇಶಗಳನ್ನು ಒಳಗೊಂಡ ದೊಡ್ಡ ಅಧ್ಯಯನ ಪ್ರಕಟವಾಯಿತು. ಖಂಡಖಂಡಗಳ ನಡುವೆ ಕಂಡ ವ್ಯತ್ಯಾಸಕ್ಕಿಂತ ಬಡ ಪ್ರದೇಶ ಮತ್ತು ಅನುಕೂಲಸ್ಥ ಪ್ರದೇಶಗಳ ನಡುವಿನ ವ್ಯತ್ಯಾಸವೇ ಅದರಲ್ಲಿ ಎದ್ದು ಕಂಡಿತು. ಆಹಾರಕ್ಕೆ ಖಾತರಿ ಇಲ್ಲದಲ್ಲಿ ತುಂಬಿದ ಮೈ ಚೆಂದ, ಆಹಾರ ಸಲೀಸಾಗಿ ಸಿಗುವಲ್ಲಿ ತೆಳ್ಳನೆಯ ಮೈ ಚೆಂದ. ಯಾವುದು ಸಿಗುವುದು ಕಷ್ಟವೋ ಅದನ್ನೇ ಕಣ್ಣು ಮೆಚ್ಚುತ್ತದೆ ಎಂದು ನನಗೆ ತೋರುತ್ತದೆ.

ಇದಕ್ಕಿಂತಲೂ ಮುಖ್ಯವಾದದ್ದು, ಎದುರಿನವರಿಗೆ ಏನು ಇಷ್ಟ ಎಂಬ ನಮ್ಮ ಊಹೆಯೇ ತಪ್ಪಿರುವುದು. 1985ರಲ್ಲಿ ಏಪ್ರಿಲ್ ಫ್ಯಾಲನ್ ಮತ್ತು ಪಾಲ್ ರೋಜಿನ್ ಅವರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮುಂದೆ ತೆಳುವಿನಿಂದ ದಪ್ಪದವರೆಗಿನ ಚಿತ್ರಗಳ ಸಾಲನ್ನು ಇಟ್ಟರು. ಹುಡುಗಿಯರು ಗಂಡಸರಿಗೆ ಇಷ್ಟವಾಗುತ್ತದೆಂದು ತೋರಿಸಿದ ಆಕಾರವು ಗಂಡಸರು ನಿಜವಾಗಿ ಮೆಚ್ಚಿದ ಆಕಾರಕ್ಕಿಂತ ತೆಳುವಾಗಿತ್ತು, ತಮಗೆ ತಾವು ಬಯಸಿದ ಆಕಾರವಂತೂ ಅದಕ್ಕಿಂತಲೂ ತೆಳುವಾಗಿತ್ತು. ಹುಡುಗರೂ ಊಹೆಯಲ್ಲಿ ತಪ್ಪಿದರು, ಆದರೆ ವಿರುದ್ಧ ದಿಕ್ಕಿನಲ್ಲಿ: ಹೆಣ್ಣುಮಕ್ಕಳಿಗೆ ಇಷ್ಟವಾಗುವುದಕ್ಕಿಂತ ದಪ್ಪನೆಯ ಮೈಕಟ್ಟು ಇಷ್ಟವಾಗುತ್ತದೆ ಎಂದು ಅವರು ಭಾವಿಸಿದ್ದರು. ಹಾಗಾದರೆ ಹಸಿದುಕೊಂಡು ಯಾರನ್ನು ಮೆಚ್ಚಿಸುತ್ತಿದ್ದೇವೆ?

ಕಬ್ಬಿಣ ಎತ್ತುವವ:

ಗಂಡಸರ ಕಡೆಯ ಮಾತನ್ನು ನಾನು ಮುಂದುವರಿಸುತ್ತೇನೆ, ಏಕೆಂದರೆ ದಿನವೂ ಜಿಮ್ಮಿನಲ್ಲಿ ನೋಡುವುದು ಅದನ್ನೇ. ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು 2000ದಲ್ಲಿ ಆಸ್ಟ್ರಿಯಾ, ಫ್ರಾನ್ಸ್ ಮತ್ತು ಅಮೆರಿಕದ ಯುವಕರಿಗೆ ಕಂಪ್ಯೂಟರಿನಲ್ಲಿ ತಮ್ಮ ಆದರ್ಶ ದೇಹವನ್ನು ರೂಪಿಸಲು ಹೇಳಿದರು. ಮೂರೂ ದೇಶಗಳಲ್ಲಿ ಅವರು ರೂಪಿಸಿದ ದೇಹದಲ್ಲಿ ಅವರದಕ್ಕಿಂತ ಸುಮಾರು 13 ಕಿಲೋ ಹೆಚ್ಚು ಸ್ನಾಯು ಇತ್ತು, ಹೆಂಗಸರಿಗೂ ಅಂಥದೇ ಇಷ್ಟವೆಂದು ಅವರು ನಂಬಿದ್ದರು. ಹೆಂಗಸರನ್ನು ಕೇಳಿದಾಗ ಅವರು ಆರಿಸಿದ್ದು ಸಾಮಾನ್ಯ ಮೈಕಟ್ಟನ್ನು.

ಕೊಬ್ಬಿನ ಪ್ರಮಾಣದ ಬಗ್ಗೆಯೂ ಒಂದು ಮಾತು. ಹೊಟ್ಟೆಯ ಸ್ನಾಯುಗಳು ಪೂರ್ತಿ ಎದ್ದು ಕಾಣಬೇಕಾದರೆ ಗಂಡಸಿನ ದೇಹದಲ್ಲಿ ಕೊಬ್ಬು ಸುಮಾರು ಶೇ. 10ರ ಆಸುಪಾಸಿಗೆ ಇಳಿಯಬೇಕು. ಆರೋಗ್ಯವಂತ ಗಂಡಸರಲ್ಲಿ ಶೇ. 15ರಿಂದ 20ರವರೆಗೆ ಇರುವುದು ಸಾಮಾನ್ಯ. ಹೆಂಗಸರಿಗೆ ಬದುಕಲು ಬೇಕಾದ ಕನಿಷ್ಠ ಕೊಬ್ಬೇ ಶೇ. 10ರಿಂದ 13ರಷ್ಟು, ಗಂಡಸರಿಗೆ ಅದು ಶೇ. 2ರಿಂದ 5. ವೇದಿಕೆಯ ಮೇಲೆ ನಿಲ್ಲುವ ದೇಹದಾರ್ಢ್ಯ ಪಟುಗಳು ಈ ಕನಿಷ್ಠದ ಅಂಚಿಗೆ ಬಂದಿರುತ್ತಾರೆ. ತಯಾರಿಯ ಕೊನೆಯ ವಾರಗಳಲ್ಲಿ ಅವರ ಟೆಸ್ಟೋಸ್ಟಿರೋನ್ ಕುಸಿದಿರುತ್ತದೆ, ನಿದ್ದೆ ಕೆಟ್ಟಿರುತ್ತದೆ, ಮೈ ಸದಾ ಚಳಿಚಳಿ ಎನ್ನುತ್ತಿರುತ್ತದೆ, ಮೆಟ್ಟಿಲು ಹತ್ತಲೂ ಬೇಸರವಾಗುತ್ತದೆ. ಕೆಲವರು ನೀರನ್ನೂ ಕಡಿಮೆ ಮಾಡಿ, ಮೈಗೆ ಬಣ್ಣ ಬಳಿದುಕೊಂಡು, ಫೋಟೋಗೆ ಮೊದಲು ದಂಡ ಹೊಡೆದು ಸ್ನಾಯುಗಳಿಗೆ ರಕ್ತ ತುಂಬಿಸಿಕೊಳ್ಳುತ್ತಾರೆ. ನೋಡುವವರ ಕಣ್ಣಿಗೆ ಅದು ಆರೋಗ್ಯದ ಪರಮಾವಧಿ. ಆ ದಿನ ಅವರನ್ನು ಎರಡು ಕಿಲೋಮೀಟರ್ ಓಡಲು ಹೇಳಿ ನೋಡಿ!

ಬೆಳಗಿನ ಓಟ:

ಕಬ್ಬಿಣ ಎತ್ತುವವರು ಹೇಳಿದ್ದನ್ನು ನಾನು ಅನುಭವಿಸಿದ್ದೇನೆ. ದೂರದ ಓಟಕ್ಕೆ ತಯಾರಾಗುತ್ತಿದ್ದ ಕಾಲದಲ್ಲಿ ತೂಕ ಇಳಿಯುತ್ತಾ ಹೋದಂತೆ ಹೊಗಳಿಕೆ ಏರುತ್ತಾ ಹೋಯಿತು. ಮುಖ ಎಷ್ಟು ಚೂಪಾಗಿದೆ, ಕೊರಳ ಮೂಳೆ ಎಷ್ಟು ಚೆನ್ನಾಗಿ ಕಾಣುತ್ತದೆ ಎಂದು ಕೆಲಸದ ಜಾಗದಲ್ಲಿ ಎಲ್ಲರೂ ಹೇಳುತ್ತಿದ್ದರು. ಅದೇ ತಿಂಗಳುಗಳಲ್ಲಿ ನನ್ನ ಮುಟ್ಟು ನಿಂತಿತ್ತು. ತರಬೇತುದಾರರಿಗೆ ತಿಳಿಸಿದಾಗ, ಅಭ್ಯಾಸ ಸರಿಯಾಗಿ ಸಾಗುತ್ತಿದೆ ಎಂಬುದಕ್ಕೆ ಅದೇ ಗುರುತು ಎಂದರು. ಆಮೇಲೆ ಕಾಲಿನ ಮೂಳೆಯಲ್ಲಿ ಸಣ್ಣ ಬಿರುಕು ಕಾಣಿಸಿಕೊಂಡಿತು, ಮೂಳೆ ಸಾಂದ್ರತೆಯ ಪರೀಕ್ಷೆಯಲ್ಲಿ ನನ್ನ ವಯಸ್ಸಿಗೆ ಇರಬೇಕಾದುದಕ್ಕಿಂತ ಕಡಿಮೆ ಬಂತು.

ತಿನ್ನುವುದು ಕಡಿಮೆಯಾಗಿ ಶಕ್ತಿಯ ಖರ್ಚು ಹೆಚ್ಚಾದಾಗ ದೇಹವು ಮೊದಲು ಸಂತಾನೋತ್ಪತ್ತಿಯ ಕೆಲಸವನ್ನು ನಿಲ್ಲಿಸುತ್ತದೆ, ಈಸ್ಟ್ರೋಜೆನ್ ಎಂಬ ಸ್ತ್ರೀ ಹಾರ್ಮೋನು ಇಳಿಯುತ್ತದೆ, ಅದರೊಂದಿಗೆ ಮೂಳೆಯೂ ಸವೆಯುತ್ತದೆ ಎಂದು ಚಿಕಿತ್ಸೆ ನೀಡಿದ ವೈದ್ಯರು ವಿವರಿಸಿದರು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು 2014ರಲ್ಲಿ ಇದನ್ನು ಗಂಡಸರಿಗೂ ಅನ್ವಯಿಸುವಂತೆ ವಿಸ್ತರಿಸಿ, ಕ್ರೀಡೆಯಲ್ಲಿನ ಶಕ್ತಿ ಕೊರತೆ ಎಂದು ಗುರುತಿಸಿತು. ಊಟ ಹೆಚ್ಚಿಸಿ, ಓಟ ತಗ್ಗಿಸಿದ ಮೇಲೆ ಮುಟ್ಟು ಮರಳಿತು. ಹೊಗಳಿಕೆ ನಿಂತಿತು. ಮೈ ಕೈ ತುಂಬಿಕೊಂಡಿದೆಯಲ್ಲ ಎಂದು ಕನಿಕರದಿಂದ ಹೇಳಿದವರೂ ಇದ್ದಾರೆ.

ಹೊಸಬ:

ಮಧ್ಯೆ ಬಾಯಿಹಾಕುತ್ತಿರುವುದಕ್ಕೆ ಕ್ಷಮೆಯಿರಲಿ. ನನ್ನ ಬಳಿ ಕೊಬ್ಬಿನ ಪ್ರಮಾಣ ತೋರಿಸುವ ತೂಕದ ಯಂತ್ರವಿದೆ. ಬೆಳಿಗ್ಗೆ ಒಂದು ಸಂಖ್ಯೆ, ಸಂಜೆ ಇನ್ನೊಂದು. ಒಂದೇ ದಿನದಲ್ಲಿ ಕೊಬ್ಬು ಹೀಗೆ ಏರಿಳಿಯಲು ಸಾಧ್ಯವೇ?

ಕಬ್ಬಿಣ ಎತ್ತುವವ:

ಸಾಧ್ಯವಿಲ್ಲ. ಆ ಯಂತ್ರ ಕೊಬ್ಬನ್ನು ಅಳೆಯುವುದೇ ಇಲ್ಲ. ಪಾದಗಳ ಮೂಲಕ ಅತಿ ಸಣ್ಣ ವಿದ್ಯುತ್ತನ್ನು ಹರಿಸಿ, ಅದಕ್ಕೆ ಎಷ್ಟು ತಡೆ ಬಂತೆಂದು ನೋಡಿ, ದೇಹದಲ್ಲಿ ನೀರೆಷ್ಟಿದೆ ಎಂದು ಊಹಿಸಿ, ಅದರಿಂದ ಕೊಬ್ಬನ್ನು ಲೆಕ್ಕಹಾಕುತ್ತದೆ. ನೀರು ಕುಡಿದರೆ, ಬೆವರಿದರೆ, ಪಾದ ಒದ್ದೆಯಾಗಿದ್ದರೆ ಲೆಕ್ಕ ಬದಲಾಗುತ್ತದೆ. ವಿದ್ಯುತ್ತು ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುವುದರಿಂದ ಹೊಟ್ಟೆಯ ಭಾಗದ ಬಗ್ಗೆ ಅದಕ್ಕೆ ತಿಳಿಯುವುದೂ ಕಡಿಮೆ. ಎಕ್ಸ್‌-ರೇ ಬಳಸಿ ಕೊಬ್ಬನ್ನು ಅಳೆಯುವ ಡೆಕ್ಸಾ ಸ್ಕ್ಯಾನ್ ಇದಕ್ಕಿಂತ ಎಷ್ಟೋ ವಿಶ್ವಾಸಾರ್ಹ. ಯಂತ್ರವನ್ನೇ ಬಳಸುವುದಾದರೆ ಬೆಳಿಗ್ಗೆ ಶೌಚ ಮುಗಿಸಿ, ಏನೂ ಕುಡಿಯುವ ಮೊದಲು ಹತ್ತಿ ನಿಲ್ಲಿ. ಒಂದು ದಿನದ ಸಂಖ್ಯೆಯನ್ನು ಬಿಟ್ಟು, ವಾರಗಳ ಒಲವು ಯಾವ ಕಡೆಗಿದೆ ಎಂದಷ್ಟೇ ನೋಡಿ.

ಅನುಮಾನಿ:

ಬೆಳಗಿನ ಓಟ ಅವರ ಅನುಭವ ಕಳವಳಕಾರಿ. ಆದರೂ ನನ್ನ ಮೂಲ ಆತಂಕ ಉಳಿದೇ ಇದೆ. ತೆಳ್ಳಗಿರುವುದರ ಅಪಾಯವನ್ನೇ ಹೇಳುತ್ತಾ ಹೋದರೆ, ದಪ್ಪಗಿರುವುದರಿಂದ ತೊಂದರೆಯಿಲ್ಲ ಎಂದು ಓದುವವರು ತಿಳಿಯುವುದಿಲ್ಲವೇ? 2013ರಲ್ಲಿ ಕ್ಯಾಥರೀನ್ ಫ್ಲೀಗಲ್ ಮತ್ತು ಸಂಗಡಿಗರ ವಿಶ್ಲೇಷಣೆಯಲ್ಲಿ 25ರಿಂದ 30ರ ಬಿಎಂಐ ಇರುವವರ ಸಾವಿನ ಪ್ರಮಾಣ ಸಾಮಾನ್ಯ ತೂಕದವರಿಗಿಂತ ಸುಮಾರು ಶೇ. 6ರಷ್ಟು ಕಡಿಮೆ ಕಂಡಾಗ ಎಷ್ಟೋ ಜನ ಸಂಭ್ರಮಿಸಿದರು. ಆದರೆ ಧೂಮಪಾನಿಗಳೂ, ರೋಗದಿಂದ ತೂಕ ಕಳೆದುಕೊಂಡವರೂ ತೆಳುವಿನವರ ಗುಂಪಿಗೇ ಸೇರಿ ಲೆಕ್ಕವನ್ನು ಕೆಡಿಸುತ್ತಾರೆ. ಅಂಥವರನ್ನು ಹೊರಗಿಟ್ಟು ಸುಮಾರು 40 ಲಕ್ಷ ಜನರನ್ನು ನೋಡಿದ 2016ರ ಅಂತರರಾಷ್ಟ್ರೀಯ ವಿಶ್ಲೇಷಣೆಯಲ್ಲಿ ಸಾವು ಅತ್ಯಂತ ಕಡಿಮೆ ಇದ್ದದ್ದು 20ರಿಂದ 25ರ ನಡುವೆ.

ದುಂಡುಮುಖ:

ಅನುಮಾನಿ ಅವರ ಆತಂಕಕ್ಕೆ ನನ್ನಂಥವರು ಆಧಾರವಾಗಿರುವುದರಿಂದ ಉತ್ತರಿಸುತ್ತೇನೆ. ದಪ್ಪಗಿರುವುದು ಒಳ್ಳೆಯದಲ್ಲ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಮಾತು ಬಂದ ದಿನದಿಂದ ಕೇಳುತ್ತಲೇ ಇದ್ದೇವೆ. ನಾನು ಕಿವಿನೋವೆಂದು ಹೋದಾಗಲೂ ತೂಕ ಇಳಿಸಿಕೊಳ್ಳಿ ಎಂದು ಹೇಳಿ ಕಳುಹಿಸಿದವರಿದ್ದಾರೆ, ಕಿವಿಯೊಳಗೆ ನೋಡಿಸಿಕೊಳ್ಳಲು ಬೇರೆಡೆಗೆ ಹೋಗಬೇಕಾಯಿತು. ಹೀಗಾದಾಗ ಮನುಷ್ಯ ಆಸ್ಪತ್ರೆಗೆ ಹೋಗುವುದನ್ನೇ ಮುಂದೂಡುತ್ತಾನೆ. ನನ್ನ ರಕ್ತದೊತ್ತಡ, ಸಕ್ಕರೆ ಎರಡೂ ಗಡಿಯೊಳಗಿವೆ. ಅದು ಶಾಶ್ವತವೆಂಬ ಭ್ರಮೆ ನನಗಿಲ್ಲ. ಆದರೆ ನನ್ನ ರೂಪದ ಬಗೆಗಿನ ಅಸಹನೆಯನ್ನು ನನ್ನ ಆರೋಗ್ಯದ ಕಾಳಜಿ ಎಂದು ಕರೆಯಬೇಡಿ. ಕಾಳಜಿಯಿದ್ದವರು ನಡಿಗೆಗೆ ಜೊತೆ ಬರುತ್ತಾರೆ, ಫೋಟೋದಲ್ಲಿ ಹಿಂದಿನ ಸಾಲಿಗೆ ನಿಲ್ಲಲು ಹೇಳುವುದಿಲ್ಲ.

ಸ್ಟೆತಸ್ಕೋಪು:

ದುಂಡುಮುಖ ಅವರೇ, ನಿಮಗೆ ಆದದ್ದು ನಮ್ಮ ವೃತ್ತಿಗೆ ಶೋಭೆ ತರುವ ಸಂಗತಿಯಲ್ಲ. 2025ರ ಜನವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗವು, ಬಿಎಂಐ ಒಂದನ್ನೇ ನೋಡಿ ಬೊಜ್ಜಿನ ಕಾಯಿಲೆ ಎಂದು ತೀರ್ಮಾನಿಸಬಾರದು, ಸೊಂಟದ ಅಳತೆ ಅಥವಾ ಕೊಬ್ಬಿನ ನೇರ ಅಳತೆಯಿಂದ ಖಚಿತಪಡಿಸಿಕೊಂಡು, ಅಂಗಾಂಗಗಳ ಕೆಲಸಕ್ಕೆ ಧಕ್ಕೆಯಾಗಿದೆಯೇ ಎಂಬುದನ್ನು ಪ್ರತ್ಯೇಕವಾಗಿ ನೋಡಬೇಕು ಎಂದು ಹೇಳಿದೆ. ಧಕ್ಕೆಯಾಗಿರುವವರಿಗೆ ಚಿಕಿತ್ಸೆ, ಇನ್ನೂ ಆಗಿರದವರಿಗೆ ನಿಗಾ ಮತ್ತು ಸಲಹೆ. ಅನುಮಾನಿ ಅವರು ಕೊಟ್ಟ ಅಂಕಿಗಳೂ ಸರಿ.

ಆದರೆ ಎಷ್ಟು ಇಳಿಸಿದರೆ ಸಾಕು ಎಂಬಲ್ಲಿ ಕಣ್ಣಿನ ಲೆಕ್ಕ ಮತ್ತು ದೇಹದ ಲೆಕ್ಕ ಮತ್ತೆ ಬೇರೆಯಾಗುತ್ತವೆ. ಒಟ್ಟು ತೂಕದ ಶೇ. 5ರಿಂದ 10ರಷ್ಟು ಇಳಿದರೂ ರಕ್ತದ ಸಕ್ಕರೆ, ಒತ್ತಡ ಮತ್ತು ಯಕೃತ್ತಿನ ಕೊಬ್ಬಿನಲ್ಲಿ ಒಳ್ಳೆಯ ಬದಲಾವಣೆ ಕಾಣುತ್ತದೆ. 90 ಕಿಲೋ ಇರುವವರು 83ಕ್ಕೆ ಬಂದರೆ ನನಗೆ ಸಂತೋಷ. ಅವರ ಮುಖದಲ್ಲಿ ಮಾತ್ರ ನಿರಾಶೆ, ಏಕೆಂದರೆ ಯಾರೂ ಗುರುತಿಸಲಿಲ್ಲ. ಅಲ್ಲಿಂದ ಮುಂದೆ ರೂಪಕ್ಕಾಗಿ ಅವಸರದಿಂದ ಇಳಿಸಲು ಹೋದಾಗ ದೇಹ ತಿರುಗಿಬೀಳುತ್ತದೆ. ಜೆಫ್ರಿ ಫ್ರೀಡ್‌ಮನ್ ಅವರ ತಂಡ 1994ರಲ್ಲಿ ಪತ್ತೆಹಚ್ಚಿದ ಲೆಪ್ಟಿನ್ ಎಂಬ ಹಾರ್ಮೋನು ಕೊಬ್ಬಿನ ಕೋಶಗಳಿಂದಲೇ ಹೊರಡುತ್ತದೆ. ಕೊಬ್ಬು ಕರಗಿದಂತೆ ಅದು ಇಳಿದು, ಮೆದುಳಿಗೆ ಬರಗಾಲದ ಸುದ್ದಿ ಮುಟ್ಟುತ್ತದೆ, ಹಸಿವು ಏರುತ್ತದೆ, ಶಕ್ತಿಯ ಖರ್ಚು ಕುಗ್ಗುತ್ತದೆ. ಅಮೆರಿಕದ ತೂಕ ಇಳಿಕೆಯ ಟಿವಿ ಸ್ಪರ್ಧೆಯೊಂದರ 14 ಮಂದಿಯನ್ನು ಕೆವಿನ್ ಹಾಲ್ ಅವರ ತಂಡ ಆರು ವರ್ಷಗಳ ನಂತರ ಪರೀಕ್ಷಿಸಿ 2016ರಲ್ಲಿ ವರದಿ ಮಾಡಿತು: ಬಹುಪಾಲು ತೂಕ ಮರಳಿತ್ತು, ಆದರೂ ವಿಶ್ರಾಂತಿಯಲ್ಲಿ ಅವರ ದೇಹ ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತಿತ್ತು.

ಅಂದ ಮತ್ತು ಆರೋಗ್ಯ ಒಂದನ್ನೊಂದು ಮರೆಮಾಚುವುದಕ್ಕೆ ನಾನು ಪದೇಪದೇ ನೋಡುವ ಉದಾಹರಣೆ ಕುತ್ತಿಗೆಯದು. ಕುತ್ತಿಗೆಯ ಹಿಂಭಾಗ ಕಪ್ಪಾಗಿ, ಮಖಮಲ್ಲಿನಂತೆ ದಪ್ಪಗಾಗುವುದು ಅನೇಕ ವೇಳೆ ಇನ್ಸುಲಿನ್ನಿಗೆ ದೇಹ ಸರಿಯಾಗಿ ಓಗೊಡುತ್ತಿಲ್ಲ ಎಂಬುದರ ಗುರುತು. ಜನರು ಅದನ್ನು ಕೊಳೆ ಎಂದು ಉಜ್ಜಿ ಉಜ್ಜಿ, ಹೋಗದಿದ್ದಾಗ ಬಿಳುಪಿನ ಕ್ರೀಮು ಹಚ್ಚಿ, ಕಡೆಗೆ ಚರ್ಮ ಸುಟ್ಟುಕೊಂಡು ಬರುತ್ತಾರೆ. ಅವರಲ್ಲಿ ತೆಳ್ಳಗೆ ಕಾಣುವವರೂ ಇರುತ್ತಾರೆ. ಸಕ್ಕರೆ ಪರೀಕ್ಷಿಸಬೇಕು ಎಂದರೆ ಅವರಿಗೆ ನಂಬಿಕೆಯೇ ಬರುವುದಿಲ್ಲ.

ಅಳತೆಪಟ್ಟಿ:

ಎಲ್ಲರಿಗೂ ಧನ್ಯವಾದ. ಡಾಕ್ಟರೇ, ಇನ್ನೊಂದು ಪ್ರಶ್ನೆ ಇದೆ, ಬಹುಶಃ ನನಗೆ ಹೆಚ್ಚು ಬೇಕಾದದ್ದು ಇದೇ. ನನ್ನ ಮಗಳಿಗೆ ಹದಿಮೂರು ವರ್ಷ. ಇತ್ತೀಚೆಗೆ ತನ್ನ ತೊಡೆಗಳು ದಪ್ಪ ಎಂದು ಊಟ ಬಿಡಲು ಶುರುಮಾಡಿದ್ದಾಳೆ. ಬಿಎಂಐ ಪಟ್ಟಿ ತೋರಿಸಿ ಸಮಾಧಾನ ಹೇಳಬಹುದೇ?

ಪುಟ ತಿರುವುವವಳು:

ಡಾಕ್ಟರ್ ಉತ್ತರಿಸುವ ಮೊದಲು ಒಂದು ಮಾತು. ಫಿಜಿಯಲ್ಲಿ ತುಂಬಿದ ಮೈಯನ್ನೇ ಮೆಚ್ಚುವ ಸಂಪ್ರದಾಯವಿದ್ದ ಪ್ರದೇಶವೊಂದಕ್ಕೆ 1995ರಲ್ಲಿ ಟಿವಿ ಬಂತು. ಆನ್ ಬೆಕರ್ ಅವರು ಆಗಲೂ, ಮತ್ತೆ 1998ರಲ್ಲೂ ಅಲ್ಲಿನ ಶಾಲಾ ಬಾಲಕಿಯರನ್ನು ಸಮೀಕ್ಷೆ ಮಾಡಿದರು. ಊಟದ ಬಗ್ಗೆ ಅಸ್ವಸ್ಥ ಧೋರಣೆಯನ್ನು ಸೂಚಿಸುವ ಅಂಕ ಪಡೆದವರು ಶೇ. 12.7ರಿಂದ 29.2ಕ್ಕೆ ಏರಿದ್ದರು. ತೂಕ ಇಳಿಸಲು ಬೇಕೆಂದೇ ವಾಂತಿ ಮಾಡಿಕೊಳ್ಳುವವರು ಮೊದಲ ಸಲ ಒಬ್ಬರೂ ಇರಲಿಲ್ಲ, ಎರಡನೆಯ ಸಲ ಶೇ. 11.3 ಇದ್ದರು. ನಿಮ್ಮ ಮಗಳು ಫೋನಿನಲ್ಲಿ ದಿನವೂ ಯಾರ ದೇಹಗಳನ್ನು ನೋಡುತ್ತಿದ್ದಾಳೆ ಎಂಬುದನ್ನು ಬೈಯದೆ, ಅವಳ ಪಕ್ಕದಲ್ಲಿ ಕುಳಿತು ನೋಡಿ.

ಸ್ಟೆತಸ್ಕೋಪು:

ಪಟ್ಟಿ ತೋರಿಸಬೇಡಿ. 25, 30 ಎಂಬ ಗಡಿಗಳು ವಯಸ್ಕರಿಗೆ ಮಾತ್ರ. 5ರಿಂದ 19 ವರ್ಷದವರಿಗೆ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಚಾರ್ಟುಗಳು ಬೇರೆಯೇ ಇವೆ, ಅವುಗಳಲ್ಲಿ ವಯಸ್ಸು ಮತ್ತು ಲಿಂಗಕ್ಕೆ ತಕ್ಕಂತೆ ರೇಖೆ ಬದಲಾಗುತ್ತದೆ. ಈ ವಯಸ್ಸಿನಲ್ಲಿ ಹೆಣ್ಣುಮಕ್ಕಳ ತೊಡೆ ಮತ್ತು ನಿತಂಬಕ್ಕೆ ಕೊಬ್ಬು ಸೇರುವುದು ಬೆಳವಣಿಗೆಯ ಭಾಗ, ಅದು ಆಗಲೇಬೇಕು. ಅವಳ ಮುಂದೆ ಅವಳ ರೂಪದ ಬಗ್ಗೆಯಾಗಲಿ, ನಿಮ್ಮ ತೂಕದ ಬಗ್ಗೆಯಾಗಲಿ ಮಾತು ಬೇಡ. ಎಲ್ಲರೂ ಒಟ್ಟಿಗೆ ಕುಳಿತು ಊಟ ಮಾಡಿ.

ಆದರೆ ಇದನ್ನು ವಯಸ್ಸಿನ ಚಪಲ ಎಂದು ಬಿಡಬೇಡಿ. ಹಿಂದಿನ ವರ್ಷಗಳ ಎತ್ತರ, ತೂಕದ ದಾಖಲೆಯಿದ್ದರೆ ಅದನ್ನು ತೆಗೆದುಕೊಂಡು ಮಕ್ಕಳ ವೈದ್ಯರನ್ನು ಈ ವಾರವೇ ಕಾಣಿ. ಅವಳ ರೇಖೆ ತನ್ನ ಹಾದಿಯಿಂದ ಕೆಳಗೆ ಸರಿದಿದೆಯೇ ಎಂದು ಅವರು ನೋಡುತ್ತಾರೆ. ತಲೆಸುತ್ತು, ಮುಟ್ಟು ತಪ್ಪುವುದು, ಊಟವಾದ ಕೂಡಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, ಸೆಕೆಯಲ್ಲೂ ಸಡಿಲವಾದ ದಪ್ಪ ಬಟ್ಟೆ ತೊಡುವುದು, ಇವುಗಳಲ್ಲಿ ಯಾವುದು ಕಂಡರೂ ವೈದ್ಯರಿಗೆ ಮೊದಲೇ ತಿಳಿಸಿ. ತೂಕ ಪಟ್ಟಿಯ ಪ್ರಕಾರ ಸರಿಯಾಗಿಯೇ ಇದೆ ಎಂದು ಯಾರಾದರೂ ಹೇಳಿದರೂ ತಿಳಿಸಿ.